ಎಂಟು ತಿಂಗಳು ಬೆಳೆಯದ ಹುಡುಗಿ

ಗುರುವಾರ, ಸಂಜೆ ಐದೂವರೆ
ಅಂಗಡಿಯಿಂದ

ಮಗಳೇ,

...ಹಾಗಂತ ತಾತನಾದ ನಾನು ಚಿಣ್ಣಿಯ ಫೋನನ್ನು ಕದ್ದು ನೋಡಿದೆ ಅನ್ನುವುದೂ ಪೂರ್ತಿ ಸರಿಯಲ್ಲ. ನಿನ್ನೆ ನೀನು ಮಾತನ್ನು ಅಲ್ಲಿಗೇ ಮುರಿದು, ಲ್ಯಾಬಿಗೆ ಹೊತ್ತಾಯ್ತು ಅಂತ ಚಪ್ಪಲಿ ಮೆಟ್ಟಿ ಹೊರಟೆ. ಹೋಗುವಾಗ ಒಂದು ಮಾತು ಬೇರೆ. "ಅಪ್ಪಾ, ನಿಂಗೆ ನಿನ್ ನೆರಳು ಕಂಡ್ರೂ ಅನುಮಾನ." ಇರಬಹುದು. ಉಳಿದದ್ದನ್ನು ಬರೆದು ನಿನ್ನ ದಿಂಬಿನ ಮೇಲೆ ಇಡುತ್ತೇನೆ. ಎದುರಿಗೆ ಹೇಳಲು ಹೋದರೆ ನೀನು ನನ್ನನ್ನು ರಕ್ತದ ಸ್ಯಾಂಪಲ್ ನೋಡಿದ ಹಾಗೆ ನೋಡುತ್ತೀಯ.

ಶಾಲೆಯ ಮೀಟಿಂಗಿನಿಂದ ನೀನು ತಂದು ಫ್ರಿಜ್ಜಿಗೆ ಅಂಟಿಸಿದ ಹಾಳೆ ಇದೆಯಲ್ಲ, ಮಕ್ಕಳ ಫೋನು ನಡುಮನೆಯಲ್ಲೇ ಇರಲಿ, ಯಾರ ಜೊತೆ ಮಾತು ಅಂತ ಕೇಳಿ, ಮಗು ಬಾಯಿಬಿಟ್ಟರೆ ಗದರಬೇಡಿ ಅಂತ, ಅದನ್ನು ನಾನು ಎರಡು ಸಲ ಓದಿದ್ದೇನೆ. ಕಾಲೇಜಿನಲ್ಲಿ ಕಲಿಸಿದ ಹಾಗೆ, ರೆಡ್ ಅಂಡ್ ಫೌಂಡ್ ಕರೆಕ್ಟ್, ಓದಿ ಸರಿಯಿದೆ ಅಂತ ಒಪ್ಪಿದ್ದೇನೆ. ನೀನು ಅದರಲ್ಲಿರುವುದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಫೋನಿನ ಚಿತ್ರ ಬಿಡಿಸುವ ಆಟದಲ್ಲಿ ಚಿಣ್ಣಿಗೆ ಸಿಕ್ಕ ಗೆಳತಿ, 'ನೀಲಿ ಬೆಕ್ಕು' ಅಂತ ಹೆಸರಿಟ್ಟುಕೊಂಡವಳು, ಹನ್ನೆರಡು ವರ್ಷ, ಚಿಣ್ಣಿಗಿಂತ ಒಂದು ವರ್ಷ ದೊಡ್ಡವಳು. ಅವಳ ಫೋಟೋ ಕೇಳಿ ತರಿಸಿಕೊಂಡು, ಎಷ್ಟು ಮುದ್ದಾಗಿದೆ ಮಗು ಅಂತ ನೀನೇ ಅಂದೆ. ಮಗು ಮುದ್ದಾಗಿಯೇ ಇದೆ. ನಾನು ನೋಡಿದ್ದು ಫ್ರಾಕಿನ ತೋಳನ್ನು.

ಮೂವತ್ತೆಂಟು ವರ್ಷ ಶಾಲೆಯ ಸಮವಸ್ತ್ರ ಹೊಲಿದವನು ನಾನು. ಹನ್ನೆರಡರ ಹುಡುಗಿಯ ಅಳತೆ ಒಂದು ಕಡೆ ನಿಲ್ಲುವುದಿಲ್ಲ. ನಮ್ಮವಳದನ್ನೇ ತಗೋ, ಈ ಎಂಟು ತಿಂಗಳಲ್ಲಿ ಎರಡು ಸಲ ಅಂಚು ಬಿಚ್ಚಿ ಇಳಿಸಿದ್ದೇನೆ. ಆ ಹುಡುಗಿಯದು ಮೂರು ಫೋಟೋ. ಶಾಲೆ ಶುರುವಾದಾಗ ಒಂದು, ರಜೆಯಲ್ಲಿ ಒಂದು, ಹೋದ ವಾರ ಒಂದು. ಪ್ರತಿ ಸಲವೂ 'ಇವತ್ತು ತೆಗೆದದ್ದು' ಅಂತ ಬರೆದಿದೆ. ಗೋಡೆ ಬೇರೆ, ಜಡೆ ಬೇರೆ, ಅದೇ ನೀಲಿ ಫ್ರಾಕು. ಮೂರರಲ್ಲೂ ತೋಳು ಮಣಿಕಟ್ಟಿನ ಮೂಳೆಯ ಮೇಲೆ ಅದೇ ಜಾಗಕ್ಕೆ ನಿಂತಿದೆ. ಕೆಲವು ಮಕ್ಕಳು ನಿಧಾನ ಬೆಳೆಯುತ್ತಾರೆ, ಒಪ್ಪಿದೆ. ಬಟ್ಟೆಯೂ ನಿಧಾನ ಮಾಸುತ್ತದೆಯೇ? ಅಂಥ ನೀಲಿ ನಾಲ್ಕು ಒಗೆತಕ್ಕೆ ಮೊಣಕೈಯಲ್ಲಿ ಬೆಳ್ಳಗಾಗುತ್ತದೆ. ಇದು ಅಂಗಡಿಯಿಂದ ಈಗ ತಂದ ಹಾಗಿದೆ. ಯಾರೋ ಒಂದು ಮಗುವನ್ನು ಒಂದೇ ದಿನ ಮೂರು ಗೋಡೆಗೆ ನಿಲ್ಲಿಸಿ ಫೋಟೋ ತೆಗೆದಿಟ್ಟುಕೊಂಡಿದ್ದಾರೆ. ಆ ಮಗು ಯಾರದೋ, ಈಗ ಎಲ್ಲಿದೆಯೋ.

ನಿನ್ನೆ ನೀನು ಹೋದ ಮೇಲೆ ಅಳತೆ ತೆಗೆಯುವ ನೆಪದಲ್ಲಿ ಚಿಣ್ಣಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ. ಟೇಪು ಮೈಮೇಲಿದ್ದರೆ ಮಾತ್ರ ಅವಳು ಬಾಯಿ ಬಿಡುವುದು, ನಿನಗೆ ಗೊತ್ತಲ್ಲ.

"ನಿನ್ ಬೆಕ್ಕು ಏನಂತೆ?" ಅಂದೆ.

"ಪಾಪ ತಾತ ಅವ್ಳು. ಅವ್ರಮ್ಮಂಗೂ ಶಿಫ್ಟಂತೆ."

"ಬರೋಕ್ ಹೇಳು, ಅವಳಿಗೂ ಒಂದು ಲಂಗ ಹೊಲಿದು ಕೊಡ್ತೀನಿ."

ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಶನಿವಾರ ಬರ್ತಾಳೆ. ಲೈಬ್ರರಿ ಹಿಂದಿನ ಗೇಟಿಗೆ, ನಾಲ್ಕಕ್ಕೆ. ಅವ್ರ ಮಾವ ಕಾರಲ್ಲಿ ಕರ್ಕೊಂಡ್ ಬರ್ತಾರೆ. ಅಮ್ಮಂಗ್ ಹೇಳ್ಬೇಡ, ಸರ್ಪ್ರೈಸು. ಯೂನಿಫಾರ್ಮ್ ಹಾಕ್ಕೊಂಡ್ ಬರ್ಬೇಡ ಅಂದಿದಾಳೆ," ಅಂದಳು.

ಸೊಂಟದ ಅಳತೆ ಎಷ್ಟು ಬಂತೋ ನನಗೆ ಕಾಣಿಸಲಿಲ್ಲ. ಗದರಲಿಲ್ಲ, ಹಾಳೆಯ ಮಾತು ನೆನಪಿತ್ತು. ಹೇಳಿದ್ದು ಒಳ್ಳೆಯದಾಯ್ತು ಕಣೇ ಅಂತ ಮಾತ್ರ ಅಂದೆ.

ಈ ಬೆಳಿಗ್ಗೆ ಪೊಲೀಸಮ್ಮ ಪ್ಯಾಂಟು ಸಡಿಲಿಸಲು ಬಂದಿದ್ದಳು. ಯಾರದೋ ಮನೆಯ ವಿಷಯ ಅನ್ನುವ ಹಾಗೆ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಏನೂ ಅಳಿಸ್ಬೇಡಿ, ಏನೂ ಉತ್ತರ ಕೊಡ್ಬೇಡಿ ಯಜಮಾನ್ರೇ. ನಾಳೆ ಹತ್ತಕ್ಕೆ ಮಗುವಿನ ತಾಯೀನ ಕರ್ಕೊಂಡು ಸ್ಟೇಷನ್ನಿಗೆ ಬನ್ನಿ. ಶನಿವಾರದ ಗೇಟು ನಮಗೆ ಬಿಡಿ," ಅಂದಳು. ನಾಳೆ ನೀನು ರಜೆ ಹಾಕು. ದಿಸ್ ಈಸ್ ಮೈ ಹಂಬಲ್ ರಿಕ್ವೆಸ್ಟ್. ಅಪ್ಪನ ಮಾತು ಅಂತಲೂ ಇಟ್ಟುಕೋ.

ಫೋನು ಮಷೀನಿನ ಡ್ರಾಯರಿನಲ್ಲಿದೆ, ಕೀಲಿ ನನ್ನ ಜೇಬಿನಲ್ಲಿ. ಚಿಣ್ಣಿ ಕತ್ತರಿಸುವ ಮೇಜಿನ ಕೆಳಗೆ ಕೂತು ಮುಖ ಊದಿಸಿಕೊಂಡು ಲೆಕ್ಕ ಮಾಡುತ್ತಿದ್ದಾಳೆ. ಇವತ್ತು ನಾನೇ ಶಾಲೆಯಿಂದ ಕರೆತಂದೆ.

ಒಂದು ವಿಷಯ ಮಾತ್ರ ನಿನ್ನೆಯಿಂದ ಕೊರೆಯುತ್ತಿದೆ. ಸರಿಯಾಗಿ ನಾಲ್ಕಕ್ಕೇ ಕರೆದಿದ್ದಾರೆ, ಈ ಶನಿವಾರ ನಿನಗೆ ಮಧ್ಯಾಹ್ನದ ಶಿಫ್ಟು ಅಂತ ಅವರಿಗೆ ಹೇಗೆ ಗೊತ್ತು? ಚಿಣ್ಣಿ ಹೇಳಿಲ್ಲ ಅಂತ ಆಣೆ ಇಟ್ಟಳು. ಮೊದಲು ನಂಬಲಿಲ್ಲ. ಅವಳ ಶಾಲೆಯ ವ್ಯಾನಿನ ಡ್ರೈವರನ ಮೇಲೆ ಅನುಮಾನಪಟ್ಟೆ, ಎದುರು ಮನೆಯ ನರ್ಸಮ್ಮನ ಮೇಲೂ ಪಟ್ಟೆ. ಅಂತೂ ಅದನ್ನು ಮಗುವಿನ ಹತ್ತಿರ ಕೆದಕಬೇಡ. ಅವಳು ಹೇಳಿಲ್ಲ. ಹೇಳಿಲ್ಲ ಅಂತ ನಾನು ಹೇಳುತ್ತಿದ್ದೇನಲ್ಲ, ಅಷ್ಟು ಸಾಕು. ಹೊಡೆಯುವುದಂತೂ

ಬೆಳಕು ಹೋಗುತ್ತಿದೆ. ಗೆರೆ ಕಾಣುತ್ತಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ಐ ರಿಮೇನ್,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ. ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಆ ಹುಡುಗಿಯ ಅಜ್ಜಿ ಅಂತ ಒಬ್ಬರು ಆರು ತಿಂಗಳಿಂದ ನನ್ನ ಫೋನಿಗೆ ಬರೆಯುತ್ತಾರೆ. ಅವರೂ ಒಂಟಿಯಂತೆ. ನಿನ್ನ ಅಮ್ಮ ಹೋದ ಮೇಲೆ, ದಿನವೆಲ್ಲ ಏನು ಮಾಡಿದಿರಿ ಅಂತ ನನ್ನನ್ನು ಕೇಳಿದವರು ಅವರೊಬ್ಬರೇ. ನಾನು ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಿದ್ದೆ, ಚೆನ್ನಾಗಿದೆ ಅನ್ನುತ್ತಿದ್ದರು. ನಿನ್ನ ಶಿಫ್ಟು, ಅವಳ ಲೈಬ್ರರಿಯ ದಿನ, ನಾನು ಮಲಗುವ ಹೊತ್ತು, ಎಲ್ಲ ನಾನೇ ಹೇಳಿದ್ದು. ಚಿಣ್ಣಿಯ ಎರಡು ಫೋಟೋ ಕೂಡ. ಇವತ್ತೂ ಬರೆದಿದ್ದಾರೆ. ಉತ್ತರ ಕೊಟ್ಟಿಲ್ಲ, ಅಳಿಸಿಯೂ ಇಲ್ಲ. ನಾಳೆ ಹತ್ತಕ್ಕೆ ಪೊಲೀಸಮ್ಮನ ಕೈಗೆ ಮೊದಲು ನನ್ನ ಫೋನು ಕೊಡು. ನಾನು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ.