ರೈಲು ಹೋಗುವಾಗ ಆಡಿದ ಮಾತು

ಅಕ್ಟೋಬರ್ 5, 1987. ಸೋಮವಾರ, ಸಂಜೆ

ಸಾರಿಗೆಯವರು ಕೊಡುತ್ತೇವೆ ಅಂದದ್ದು: ಬೀದಿಯುದ್ದಕ್ಕೂ ಕಂಬಗಳ ಮೇಲಿರುವ ಹಳಿ, ಹಾಲೆಟ್ ಸ್ಟೇಷನ್ ಕೆಡವಿದ ಮೇಲೆ ಇದೇ ಬೀದಿಯಲ್ಲಿ, ನೆಲದ ಮೇಲೆ, ಬೇರೆ ರೈಲು. ಮೊದಲಿನಷ್ಟೇ ಬೇಗ, ಮೊದಲಿಗಿಂತ ಚೆನ್ನ. ಅಲ್ಲಿಯವರೆಗೆ ಐದು ನಿಮಿಷಕ್ಕೊಂದು ಬಸ್ಸು. ಕೆಡವುವ ಕೆಲಸದಲ್ಲಿ ನಮ್ಮ ಹುಡುಗರಿಗೆ ಕೂಲಿ.

ಕೊಟ್ಟದ್ದು: ಬಸ್ಸು. ಬಂದಾಗ ಬರುತ್ತದೆ. ರೈಲು ಇಲ್ಲ. ಕೂಲಿ ಇಲ್ಲ — ಕೆಲಸದವರು ಹೊರಗಿನಿಂದ ಲಾರಿಯಲ್ಲಿ ಬರುತ್ತಾರೆ, ಊಟ ಡಬ್ಬಿಯಲ್ಲಿ ತರುತ್ತಾರೆ, ನಮ್ಮ ಬೀದಿಯಲ್ಲಿ ಒಂದು ಕಾಫಿ ಕೂಡ ಕುಡಿಯುವುದಿಲ್ಲ. ಧೂಳು ಮಾತ್ರ ಕೇಳದೆಯೇ ಕೊಟ್ಟರು.

ಶಾಲೆಯ ಅಡುಗೆಮನೆ ತೊಳೆದು ಮನೆಗೆ ಬಂದಾಗ ಕ್ಲಿಯಾನ್ ಕಿಟಕಿ ಹತ್ತಿರ ಕೂತಿದ್ದ. ನನ್ನ ತಮ್ಮ. ಎರಡೂ ಕಿಡ್ನಿ ಹೋಗಿವೆ. ಮಂಗಳವಾರ, ಗುರುವಾರ, ಶನಿವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೊದಲು ಮನೆ ಮುಂದಿನ ಮೆಟ್ಟಿಲು ಹತ್ತಿ ರೈಲು ಹಿಡಿದರೆ ಮೂರನೇ ಸ್ಟೇಷನ್ನೇ ಆಸ್ಪತ್ರೆ. ಈಗ ರೈಲು ಒಂದು ಮೈಲಿ ಆಚೆಗೆ ಹೋಗಿದೆ.

"ಇವತ್ತು ಏನು ಕೆಡವಿದ್ರೋ?" ಕೇಳಿದೆ.

"ಗಂಡಸರ ಪಾಯಿಖಾನೆ. ಇಷ್ಟು ವರ್ಷ ಬೀಗ ಹಾಕಿದ್ರಲ್ಲ. ಕೊನೆಗೂ ತೆಗೆದ್ರು ನೋಡಕ್ಕಾ."

ಅಕ್ಟೋಬರ್ 9. ಶುಕ್ರವಾರ

ಚಾವಣಿಯ ತಾಮ್ರ ಇಳಿಸಿದರು. ಅದಕ್ಕೆ ಮಾತ್ರ ಪೊಲೀಸ್ ಕಾವಲು. ನಾವು ಕದ್ದೇವು ಅಂತ.

ಸ್ಟೇಷನ್ ಕಟ್ಟಿದ್ದು 1909ರಲ್ಲಿ. ಈ ಬೀದಿಯಲ್ಲಿ ಐರಿಷರಿದ್ದಾಗ ಕಂಬಗಳಿಗೆ ತಪ್ಪದೆ ಬಣ್ಣ. ಯಹೂದಿಗಳಿದ್ದಾಗ ಬೆಂಚಿಗೆ ಹೊಸ ಹಲಗೆ. ಆಮೇಲೆ ಕರಿಯರು ನಾವು, ದಕ್ಷಿಣದ ಕ್ಯಾರೊಲಿನಾದಿಂದ ಬಂದೆವು. ಬಣ್ಣ ನಿಂತಿತು. ಹಲಗೆ ಕೊಳೆಯಿತು. ದೀಪ ಆರಿದರೆ ಆರಿತು. ಅಷ್ಟೆಲ್ಲ ಆಗಲು ಬಿಟ್ಟು, ಸಾರಿಗೆಯವರೇ ಬಂದು ನಿಂತು ನೋಡಿ — ಎಷ್ಟು ಕೊಳಕು, ಬಾಸ್ಟನ್ನಿಗೇ ಅವಮಾನ, ಕೆಡವಬೇಕು ಅಂದರು. ಅದರ ಮೆಟ್ಟಿಲು ತಿಕ್ಕಿ ತಿಕ್ಕಿ ಅಮ್ಮನ ಮೊಣಕಾಲು ಹೋಯಿತು. ಕೊಳಕು ಅಂದವನ ಕಪಾಳಕ್ಕೆ ಬಾರಿಸಬೇಕಿತ್ತು. ಬಾರಿಸಲಿಲ್ಲ.

ರೈಲು ಈಗ ಹೋಗಿರುವ ಜಾಗ ಯಾವುದು? ಹೆದ್ದಾರಿಗೆ ಅಂತ ನಮ್ಮವರ ಮನೆ ಕೆಡವಿ ಬಯಲು ಮಾಡಿದ್ದ ಜಾಗ. ಹೆದ್ದಾರಿ ತಡೆದವರು ನಾವು. ಆಗ ಮೂರು ಸಲ ಲಾಕಪ್ಪಿನಲ್ಲಿದ್ದೆ. ಗೆದ್ದೆವು, ಕುಣಿದೆವು. ಗೆದ್ದ ಬಯಲಿಗೆ ನಮ್ಮ ರೈಲನ್ನೇ ಎತ್ತಿಕೊಂಡು ಹೋಗಿ ಇಟ್ಟರು.

ಅಕ್ಟೋಬರ್ 22. ಗುರುವಾರ

ಪೇಟೆಯ ಸಾರಿಗೆ ಕಚೇರಿಯಲ್ಲಿ ನಮ್ಮ ದೂರಿನ ವಿಚಾರಣೆ. ಗುರುವಾರ — ಆದ್ದರಿಂದ ಕ್ಲಿಯಾನ್ ಇಲ್ಲ.

ಸಾರಿಗೆಯ ಅಧಿಕಾರಿ ಫೆಲನ್ ಅಂದ: "ರೈಲು ಕೊಡ್ತೀವಿ ಅಂತ ನಾನು ಯಾವತ್ತೂ ಹೇಳಿಲ್ಲ, ಮಿಸೆಸ್ ಟಗಲ್."

"ಟೇಪಿದೆ," ಅಂದೆ.

ಬ್ರದರ್ ಪೆಟವೇ ಟೇಪ್ ರೆಕಾರ್ಡರ್ ಮೇಜಿನ ಮೇಲಿಟ್ಟರು. ನಮ್ಮ ಚರ್ಚಿನ ಕಸ ಗುಡಿಸಿ, ಗಂಟೆ ಬಾರಿಸಿ, ಬೀಗ ಹಾಕುವ ಮುದುಕ. ರೈಲಿಗಾಗಿ ಬೀದಿಯವರು ಕಟ್ಟಿಕೊಂಡ ಕಮಿಟಿಯ ಎಲ್ಲ ಸಭೆಗಳನ್ನೂ ಟೇಪು ಮಾಡುವವರು ಅವರೇ.

ಹಳಿಯ ಕೆಳಗೆ ಬದುಕಿದವರಿಗೆ ಗೊತ್ತು — ರೈಲು ಬಂದರೆ ಮಾತು ನಿಲ್ಲಿಸಬೇಕು. ಪಾದ್ರಿ ಪ್ರಾರ್ಥನೆ ನಿಲ್ಲಿಸುತ್ತಾರೆ. ಜಗಳವಾಡುವವರು ಎತ್ತಿದ ಕೈ ಹಾಗೇ ಹಿಡಿದು ನಿಲ್ಲುತ್ತಾರೆ. ರೈಲು ಹೋದ ಮೇಲೆ ಬಿಟ್ಟಲ್ಲಿಂದ ಬೈಗುಳ. ಮಾರ್ಚ್‌ನಲ್ಲಿ ಚರ್ಚಿನ ನೆಲಮಾಳಿಗೆಯ ಸಭೆಗೆ ಬಂದಾಗ ಫೆಲನ್ ಮಾತ್ರ ನಿಲ್ಲಿಸಲಿಲ್ಲ. ಗದ್ದಲದ ನಡುವೆಯೇ ಆಡಿದ. ಹೊಸಬ, ಪಾಪ, ಅಂತ ನಕ್ಕೆವು. ತುಟಿ ನೋಡಿ ಮಾತು ತಿಳಿಯುವುದು ನಮಗೆ ಹುಟ್ಟಿನಿಂದ ಬಂದದ್ದು. ಮುಂದಿನ ಬೆಂಚಿನಲ್ಲಿದ್ದ ಕ್ಲಿಯಾನನ ಕೈ ಹಿಡಿದುಕೊಂಡು, ಅವನ ಮುಖ ನೋಡಿಯೇ ಫೆಲನ್ ಹೇಳಿದ — ಇದೇ ಬೀದಿಯಲ್ಲಿ ರೈಲು ಕೊಡುತ್ತೇವೆ, ನಿನಗೆ ಒಂದು ದಿನವೂ ಆಸ್ಪತ್ರೆ ತಪ್ಪುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಪೆಟವೇ ಗುಂಡಿ ಒತ್ತಿದರು. ಫೆಲನ್ ದನಿ: "ನಿಮ್ಮ ಬೀದಿಗೆ ನಾವು—" ಟಕ್. ಚಪ್ಪಾಳೆ.

ಮತ್ತೆ ಹಾಕಿದರು. ಟಕ್. ಚಪ್ಪಾಳೆ.

ರೈಲು ಬಂದಾಗಲೆಲ್ಲ ಟೇಪು ನಿಲ್ಲಿಸುವುದು ಪೆಟವೇ ಅವರ ಅಭ್ಯಾಸ. ಯಾರೂ ಮಾತಾಡದ ಹೊತ್ತಿಗೆ ಟೇಪು ಯಾಕೆ ದಂಡ? ಬೆರಳಿಗೆ ಅದೇ ಗೊತ್ತು.

ಮೇಜಿನಾಚೆ ಯಾರೋ ಕೆಮ್ಮಿದ ಹಾಗೆ ನಕ್ಕರು. ಫೆಲನ್ ಅಂದ: "ಚಪ್ಪಾಳೆ ಯಾಕೆ ತಟ್ಟಿದ್ರೋ ನೆನಪಿಲ್ಲಮ್ಮ. ನಿಮ್ಮ ಕಾಫಿ ಚೆನ್ನಾಗಿದೆ ಅಂದಿರ್ಬೇಕು ನಾನು."

ಅಕ್ಟೋಬರ್ 25. ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಕಮಿಟಿ. ಹೆಂಗಸರ ಕೂದಲು ಸಿಂಗರಿಸುವ ಅಂಗಡಿಯ ಯುಲಾಲಿ ಎಲ್ಲರೆದುರು ಕೇಳಿದಳು: "ಆ ಬೆರಳಿಗೆ ಎಷ್ಟು ಕೊಟ್ರು, ಬ್ರದರ್?"

"ಯಾವಾಗ್ಲೂ ಹಂಗೇ ಮಾಡಿದೀನಿ ತಾಯಿ," ಅಂದರು ಪೆಟವೇ. "ಟೇಪು ಉಳಿಸು, ಟೇಪು ಉಳಿಸು ಅಂತ ನೀವೇ ಅಲ್ವಾ ಅಂತಿದ್ದಿದ್ದು."

"ಉಳಿಸಿದ್ರಿ ಬಿಡಿ. ನಮ್ಮನ್ನ ಬಿಟ್ಟು."

ಎಲ್ಲರೂ ನಕ್ಕರು. ಮುದುಕ ಟೋಪಿ ಹುಡುಕಲು ಶುರು ಮಾಡಿದರು. ಟೋಪಿ ಕೈಯಲ್ಲೇ ಇತ್ತು.

"ಬೆರಳು ಬಿಡ್ರಿ. ಆ ಮಾತು ಆಡಿದ ಬಾಯಿ ಹಿಡೀರಿ," ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫೆಲನ್ ಕೈಗೆ ಸಿಗುವುದಿಲ್ಲ. ಪೆಟವೇ ಸಿಕ್ಕರು.

ನವೆಂಬರ್ 19

ಟೇಪ್ ರೆಕಾರ್ಡರ್ ನಮ್ಮ ಬಾಗಿಲಲ್ಲಿತ್ತು. ಬಾಗಿಲು ತಟ್ಟಿರಲಿಲ್ಲ. ಪೆಟವೇ ಮಗಳ ಊರಿಗೆ ಹೋದರಂತೆ.

ಕೊನೆಯ ಕಂಬವೂ ಹೋಯಿತು. ಬೀದಿಗೆ ಬಿಸಿಲು ಬಿತ್ತು. ಮನೆ ಮಾಲೀಕ ಕಾರಿನಿಂದಿಳಿದು ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಕಾರು ಹತ್ತಿದ. ಈ ಬಿಸಿಲಿಗೂ ಬಾಡಿಗೆ ಹಾಕುತ್ತಾನೆ.

ಜನವರಿ 7, 1988. ಗುರುವಾರ

ನಮ್ಮ ಅರ್ಜಿಗೆ ಕಚೇರಿಯಿಂದ ಉತ್ತರ. ಯಾರ ಕೈ ಹಿಡಿದು ಮಾತು ಕೊಟ್ಟರು ಅನ್ನುತ್ತೀರೋ ಅವರು ಖುದ್ದು ಬಂದು ಪ್ರಮಾಣ ಮಾಡಿ ಹೇಳಬೇಕು. ಬರೆದು ಕೊಟ್ಟದ್ದು ನಡೆಯದು. ಬರದಿದ್ದರೆ ನಮ್ಮ ಬೀದಿಯ ರೈಲಿನ ವಿಷಯ ಅಲ್ಲಿಗೆ ಮುಗಿಯಿತು. ಸಭೆ ಹದಿನಾಲ್ಕಕ್ಕೆ. ಮತ್ತೆ ಗುರುವಾರ.

ಫೋನು ಮಾಡಿದೆ. ಗುಮಾಸ್ತೆ ಅಂದಳು: "ಗುರುವಾರ ಬಿಟ್ರೆ ಸಾಹೇಬ್ರಿಗೆ ಬಿಡುವಿಲ್ಲಮ್ಮ."

"ಅವತ್ತು ಅವನು ಆಸ್ಪತ್ರೆಗೆ ಹೋಗ್ಬೇಕು."

"ಹಾಗಾದ್ರೆ ಹೋಗ್ಲಿ. ಯಾರು ಬೇಡ ಅಂದ್ರು?"

ಆಸ್ಪತ್ರೆಗೂ ಮಾಡಿದೆ. ಬೇರೆ ದಿನ ಯಂತ್ರ ಖಾಲಿ ಇಲ್ಲ. ನರ್ಸಮ್ಮ ಒಳ್ಳೆಯವಳು. "ಒಂದು ಸಲ ತಪ್ಪಿದ್ರೆ ಹೇಗೋ ತಡ್ಕೋತಾರೆ. ಸಾಲಾಗಿ ಎರಡು ಸಲ ಮಾತ್ರ ತಪ್ಪಿಸ್ಬೇಡಿ, ಜೀವಕ್ಕೇ ಬರುತ್ತೆ."

ಒಂದು ಸಲ ತಾನೆ. ಸಭೆಗೆ ಹೋಗಿ, ಶನಿವಾರ ಆಸ್ಪತ್ರೆ. ಹಾಗಂತ ಲೆಕ್ಕ ಹಾಕಿದೆವು.

ಜನವರಿ 12. ಮಂಗಳವಾರ

ಹಿಮ. ಬಸ್ಸು ಬರಲಿಲ್ಲ. ಕ್ಲಿಯಾನ್ ಬಸ್ ಸ್ಟಾಪಿನ ಕಂಬ ಹಿಡಿದು ನಿಂತ. ಒಂದು ಬಂತು — ತುಂಬಿತ್ತು, ನಿಲ್ಲಿಸಲಿಲ್ಲ. ಟ್ಯಾಕ್ಸಿಯವನಿಗೆ ಫೋನು ಮಾಡಿ ಬೀದಿಯ ಹೆಸರು ಹೇಳಿದೆ. ನಮ್ಮವರ ಬೀದಿ ಅಂತ ತಿಳಿದು ಫೋನಿಟ್ಟ.

ವಾಪಸ್ ಬಂದೆವು. ಡಯಾಲಿಸಿಸ್ ಇವತ್ತೇ ತಪ್ಪಿತು.

ಜನವರಿ 13. ಬುಧವಾರ

ಮುಖ ಊದಿದೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಕೂತೇ ಇದ್ದಾನೆ. ನರ್ಸಮ್ಮನೇ ಫೋನು ಮಾಡಿದಳು: ನಾಳೆ ಹತ್ತಕ್ಕೆ ಹೇಗಾದರೂ ಕರೆತನ್ನಿ.

"ಆಂಬ್ಯುಲೆನ್ಸ್ ಕರೀತೀನಿ," ಅಂದೆ.

"ಕರೆದ್ರೆ ಆಸ್ಪತ್ರೆಗೆ ಒಯ್ತಾರೆ. ಬೇಡ. ಸಭೆಗೆ ಹೋಗ್ತೀನಿ."

"ನೀನು ಸತ್ರೆ ರೈಲು ತಗೊಂಡು ಏನೋ ಮಾಡ್ಲಿ ನಾನು?"

"ರೈಲು ಹತ್ತು. ಕೂತ್ಕೊ. ಕೆಲಸಕ್ಕೆ ಹೋಗು." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ಆಸ್ಪತ್ರೇಲಿ ಸತ್ರೆ ಅವರಿಗೇನೂ ಕಷ್ಟ ಇಲ್ಲಕ್ಕಾ. ಆ ಫೆಲನ್ ಮೇಜಿನ ಮುಂದೆ ಕೂತಿರ್ತೀನಿ. ಈ ಮುಖ ನೋಡ್ಕೊಂಡು ಹೇಳ್ಲಿ, ಹೇಳಿಲ್ಲ ಅಂತ."

ಬೇಡ ಅನ್ನಬೇಕು. ಕಮಿಟಿಯ ಹೆಂಗಸು ನನ್ನ ಬಾಯಿ ಮುಚ್ಚಿ ಹಿಡಿದಿದ್ದಾಳೆ, ಅಕ್ಕ ಒಳಗೇ ಕಿರುಚುತ್ತಿದ್ದಾಳೆ. ಎರಡೂ ನಾನೇ.

ಹೊಸ ಸ್ಟೇಷನ್ನಿನವರೆಗೆ ನಾಲ್ಕು ಜನ ಕುರ್ಚಿಯಲ್ಲಿ ಹೊರುತ್ತಾರೆ. ಯುಲಾಲಿ ಒಂದು ಕಡೆ ಹಿಡಿಯುತ್ತಾಳಂತೆ. ಅಂಗಿ ಇಸ್ತ್ರಿ ಮಾಡಿದೆ. ಪಾದ ಬೂಟಿನೊಳಗೆ ಹೋಗಲಿಲ್ಲ. ಅಡುಗೆ ಚಾಕುವಿನಿಂದ ಬೂಟು ಸೀಳಿದೆ. ಈಗ ಹೋಗುತ್ತದೆ.

ಸಭೆ: ನಾಳೆ ಗುರುವಾರ, ಬೆಳಗ್ಗೆ ಹತ್ತು ಗಂಟೆ