ಏಳೂವರೆಯ ಧಾರಾವಾಹಿ

ರಾಯಾಪುರ,
ಸೋಮವಾರ, 10 ನವೆಂಬರ್ 2025

ಪ್ರೀತಿಯ ಸೌಮ್ಯಾ,

ಆರೋಗ್ಯವಾಗಿರುವೆ ಎಂದು ನಂಬಿದ್ದೇನೆ. ಥೈರಾಯ್ಡ್ ಗುಳಿಗೆಯನ್ನು ಬೆಳಗಿನ ಚಹಾಕ್ಕಿಂತ ಮೊದಲು ತೆಗೆದುಕೊಳ್ಳುತ್ತಿದ್ದೀಯಾ? ಇಲ್ಲಿ ಅದನ್ನು ನೆನಪಿಸುವ ಕೆಲಸ ಅವ್ವನದಾಗಿತ್ತು. ಅಲ್ಲಿ ಯಾರದೋ ತಿಳಿಯದು. ನಿನ್ನ ತಮ್ಮ ಬಸವಕಿರಣನ ಸೊಂಟದ ನೋವು ಹೇಗಿದೆ? ಕಡಲೆ ಬಿತ್ತುವ ಕಾಲದಲ್ಲಿ ವೈದ್ಯರ ಮಾತನ್ನು ಅವನು ಕೇಳಿರಲಿಕ್ಕಿಲ್ಲ. ನಾನು ಚೆನ್ನಾಗಿದ್ದೇನೆ. ನಿನಗೆ ನಾನು ಬರೆದ ಪತ್ರ ಇದಕ್ಕೆ ಮೊದಲು ಒಂದೇ, ನಮ್ಮ ಮದುವೆ ನಿಶ್ಚಯವಾದ ವರ್ಷದ್ದು. ಅದನ್ನು ಓದಿ, ಇದು ಪತ್ರವೋ ಟೆಂಡರ್ ನೋಟೀಸೋ ಎಂದು ಗೆಳತಿಯರ ಮುಂದೆ ನೀನು ನಕ್ಕಿದ್ದೆಯಂತೆ. ಎಷ್ಟೋ ವರ್ಷಗಳ ನಂತರ ಅವ್ವ ಹೇಳಿದಳು. ಈ ಪತ್ರವೂ ಹಾಗೆಯೇ ಆರಂಭವಾಗುತ್ತದೆ. ವಿಷಯವನ್ನು ಕ್ರಮವಾಗಿ ಇಡದಿದ್ದರೆ ನನಗೆ ಮುಂದೆ ಬರೆಯಲಾಗುವುದಿಲ್ಲ.

1. ನಿನ್ನ ಫೋನಿನಲ್ಲಿ ನೀನು ನೋಡುವ ಧಾರಾವಾಹಿ ನಮ್ಮ ಮನೆಯ ಖಾತೆಯಿಂದ ಬರುತ್ತದೆ. ಖಾತೆ ನನ್ನ ಹೆಸರಿನಲ್ಲಿದೆ.

2. ಒಂದು ಖಾತೆ ಒಂದು ಮನೆಗೆ ಮಾತ್ರ ಎಂಬುದು ಆ ಕಂಪನಿಯ ನಿಯಮ. ಅವರ ದೃಷ್ಟಿಯಲ್ಲಿ ಮನೆ ಎಂದರೆ ರಾಯಾಪುರದ ನಮ್ಮ ವೈಫೈ.

3. ಮನೆಯವರು ಪರವೂರಿನಲ್ಲಿದ್ದರೆ, ಅವರು ಪ್ರವಾಸದಲ್ಲಿದ್ದಾರೆ ಎಂದು ಖಾತೆದಾರನು ಒಪ್ಪಿಕೊಂಡು, ತನ್ನ ಫೋನಿಗೆ ಬರುವ ನಾಲ್ಕು ಅಂಕಿಗಳ ಕೋಡನ್ನು ಅವರಿಗೆ ಕಳುಹಿಸಬೇಕು. ಅದು ಹದಿನೈದು ದಿನ ನಡೆಯುತ್ತದೆ.

4. ಕಾರಹುಣ್ಣಿವೆಯ ವಾರ ನೀನು ತವರು ಹೆಬ್ಬಳ್ಳಿಗೆ ಹೋದಂದಿನಿಂದ ನಾನು ಕೋಡ್ ಕಳುಹಿಸುತ್ತ ಬಂದಿದ್ದೇನೆ. ಪ್ರತಿ ಸಲವೂ ನೀನು "ಬಂತು" ಎಂದು ಉತ್ತರಿಸಿದ್ದೀಯ. ಈ ಅವಧಿಯಲ್ಲಿ ನಮ್ಮಿಬ್ಬರ ನಡುವೆ ಬೇರೆ ಮಾತು ನಡೆದಿಲ್ಲ.

5. ಕಳೆದ ವಾರ ಕಂಪನಿಯಿಂದ ಸಂದೇಶ ಬಂದಿದೆ. ಈ ಫೋನು ಬಹಳ ಕಾಲದಿಂದ ಮನೆಯ ಹೊರಗಿದೆ, ಇನ್ನು ಮುಂದೆ ಇದನ್ನು ಪ್ರವಾಸ ಎಂದು ಪರಿಗಣಿಸಲಾಗದು. ಒಂದೋ ಫೋನನ್ನು ಒಮ್ಮೆ ಮನೆಗೆ ತಂದು ವೈಫೈಗೆ ಜೋಡಿಸಬೇಕು. ಇಲ್ಲವೇ ನಿನ್ನ ಹೆಸರನ್ನು ನಮ್ಮ ಖಾತೆಯಿಂದ ಬೇರ್ಪಡಿಸಿ ಪ್ರತ್ಯೇಕ ಖಾತೆ ತೆರೆಯಬೇಕು.

ಇವಿಷ್ಟು ಸಂಗತಿಗಳು. ಇನ್ನು ಬರೆಯುವುದರಲ್ಲಿ ಹೆಚ್ಚಿನದು ನಿನಗೆ ತಿಳಿದದ್ದೇ. ಆದರೆ ಅದು ನನಗೂ ತಿಳಿದಿತ್ತು ಎಂಬುದು ನಿನಗೆ ತಿಳಿದಿರಲಾರದು. ಗೌಸಮೊದ್ದೀನನ ಕೇಬಲ್ ಇದ್ದ ಕಾಲದಲ್ಲಿ ಸಂಜೆ ಏಳೂವರೆಗೆ ನಮ್ಮ ಪಡಸಾಲೆಯಲ್ಲಿ ಧಾರಾವಾಹಿ ಹತ್ತುತ್ತಿತ್ತು. ಅವ್ವ ಮಂಚದ ಮೇಲೆ, ನೀನು ಅವಳ ಕಾಲಬಳಿ, ಎದುರು ಮನೆಯ ಉಡಚವ್ವ ಹೊಸ್ತಿಲ ಪಕ್ಕದಲ್ಲಿ ಮೊರದ ತುಂಬ ಜೋಳ ಇಟ್ಟುಕೊಂಡು ಹಸನು ಮಾಡುತ್ತ. ನಾನು ಒಳಗಿನ ಕೋಣೆಯಲ್ಲಿ ವಿದ್ಯುತ್ ಉಪಕೇಂದ್ರದ ಪರೀಕ್ಷಾ ವರದಿಗಳನ್ನು ಹರಡಿಕೊಂಡು ಕೂತಿರುತ್ತಿದ್ದೆ. ನನಗೆ ಧಾರಾವಾಹಿ ಬೇಡ ಎಂದು ನೀವು ಮೂವರೂ ತಿಳಿದಿದ್ದಿರಿ. ಧಾರಾವಾಹಿ ಬೇಡವಾಗಿದ್ದುದು ನಿಜ. ಆದರೆ ಬಾಗಿಲನ್ನು ನಾನು ಎಂದೂ ಪೂರ್ತಿ ಮುಚ್ಚಲಿಲ್ಲ. ಆ ಕಥೆಯ ಹಿರಿಯ ಸೊಸೆಗೆ ಬುದ್ಧಿ ಇಲ್ಲ ಎಂದು ಅವ್ವ ಅನ್ನುತ್ತಿದ್ದಳು. ಅವಳ ಅತ್ತೆಗೆ ನಾಲಿಗೆ ಉದ್ದ ಎಂದು ನೀನು ಅನ್ನುತ್ತಿದ್ದೆ. ಮುಂಜಾನೆ ಸಾರಿಗೆ ಉಪ್ಪು ಹೆಚ್ಚಾದದ್ದರ ವಿಚಾರಣೆ ಆ ಸಂಜೆ ಟಿವಿಯವರ ಮೇಲೆ ನಡೆಯುತ್ತಿದೆ ಎಂಬುದು ಒಳಗೆ ಕೂತ ನನಗೂ ತಿಳಿಯುತ್ತಿತ್ತು. ಕಂತು ಮುಗಿಯುವ ಹೊತ್ತಿಗೆ ನಿಮ್ಮಿಬ್ಬರಲ್ಲಿ ರಾಜಿಯಾಗಿರುತ್ತಿತ್ತು. ನಿಮ್ಮಿಬ್ಬರ ನಡುವೆ ನಿಂತು ತೀರ್ಪು ಹೇಳುವ ಪ್ರಸಂಗ ನನಗೆ ಒಮ್ಮೆಯೂ ಬರಲಿಲ್ಲ.

ಗೌಸಮೊದ್ದೀನ ತಾನೇ ಬಂದು ಲೈನು ಬಂದ್ ಮಾಡುವ ಸುದ್ದಿ ಹೇಳಿದ ದಿನ ನೆನಪಿದೆಯೇ? ನಮ್ಮ ಓಣಿಯಲ್ಲಿ ಕೇಬಲ್ ಉಳಿದದ್ದು ನಮ್ಮ ಮನೆಯೊಂದಕ್ಕೇ. ಎಲ್ಲರೂ ಮೊಬೈಲಿಗೆ, ಇಂಟರ್ನೆಟ್ಟಿಗೆ ಹೋದರು, ತಾನೂ ಇನ್ನು ಅದೇ ಲೈನು ಎಳೆಯುವ ಕೆಲಸ ಹಿಡಿದಿದ್ದೇನೆ ಎಂದ. "ಶಿವಲಿಂಗವ್ವಾರ ಸಲುವಾಗಿ ಇಷ್ಟ ದಿನಾ ಇಟ್ಟಿದ್ನಿರಿ ಸಾಹೇಬ್ರ," ಎಂದು ಅವ್ವನ ಹೆಸರು ಹೇಳಿ, ಕಂಬದಿಂದ ಬಿಚ್ಚಿದ ವಾಯರನ್ನು ತೋಳಿಗೆ ಸುತ್ತಿಕೊಂಡು, ಅವ್ವನ ಕಡೆಗೆ ಮುಖ ತಿರುಗಿಸದೆ ಹೋದ. ಹೊಸ ಲೈನನ್ನೂ ಅವನೇ ಜೋಡಿಸಿದ. ನಾನು ಅವ್ವನಿಗೆ ಎಲ್ಲವನ್ನೂ ವಿವರಿಸಿದೆ: ಇನ್ನು ಮೇಲೆ ಏಳೂವರೆಗೆ ಕಾಯಬೇಕಾಗಿಲ್ಲ, ಯಾವಾಗ ಬೇಕಾದರೂ ನೋಡಬಹುದು, ನಡುವೆ ಜಾಹೀರಾತು ಕೂಡ ಇರುವುದಿಲ್ಲ. ಉಡಚವ್ವ ಮೊರವನ್ನು ಕೆಳಗಿಟ್ಟು ಕೇಳಿದಳು: "ಯಾವಾಗರ ನೋಡಬಹುದು ಅಂದ್ರ, ನಾ ಯಾವಾಗ ಬರಬೇಕ್ರಿ ಅಯ್ಯಾರ?" ಮರುದಿನದಿಂದ ಅವಳು ಬರಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ಕಂಡುಹಿಡಿದವಳು ನೀನು. ಮೂರು ದಿನ ಬಿಟ್ಟು, ಸಂಜೆ ಸರಿಯಾಗಿ ಏಳೂವರೆಗೆ ಬಾಗಿಲಿಗೆ ಹೋಗಿ, "ಉಡಚವ್ವಾ, ಹತ್ತಿತು ಬಾ," ಎಂದು ಕೂಗಿದೆ. ಆ ದಿನದಿಂದ ಒಂದೇ ಒಂದು ಕಂತು, ಅದೂ ಏಳೂವರೆಗೇ. ಅವ್ವ ಕಾತರದಿಂದ ಮುಂದೇನಾಯಿತು ಎಂದರೆ, "ನಾಳಿಗೇ ಬರತೈತ್ರಿ ಅತ್ತಿ," ಎನ್ನುತ್ತಿದ್ದೆ. ನಾಳೆಯ ಕಂತು ಅಲ್ಲೇ ಕೈಯಳತೆಯಲ್ಲಿದ್ದ ದಿನಗಳೂ ಇದ್ದವು, ನೀನು ಮುಟ್ಟಲಿಲ್ಲ. ಇನ್ನೊಂದು ತೊಡಕನ್ನು ನಾನು ಊಹಿಸಿರಲಿಲ್ಲ. ಅವ್ವ ಬಚ್ಚಲಿಗೆ ಏಳುತ್ತಿದ್ದುದು, ಮೊಣಕಾಲು ಚಾಚುತ್ತಿದ್ದುದು, ರಾತ್ರಿಯ ಗುಳಿಗೆ ನುಂಗುತ್ತಿದ್ದುದು ಎಲ್ಲವೂ ಜಾಹೀರಾತಿನಲ್ಲಿ. ಜಾಹೀರಾತು ಹೋದ ಮೇಲೆ ಅವಳು ಏಳುವುದನ್ನೇ ಬಿಟ್ಟು, ಕಂತು ಮುಗಿಯುವವರೆಗೂ ಹಲ್ಲು ಕಚ್ಚಿ ಕೂತಿರುತ್ತಿದ್ದಳು. ನೀನು ರಿಮೋಟನ್ನು ಸೆರಗಿನ ಕೆಳಗೆ ಹಿಡಿದು, ಕಥೆಯನ್ನು ನಡುವೆ ನಿಲ್ಲಿಸಿ, "ಅತ್ತಿ, ಜಾಹೀರಾತು ಬಂತು, ಏಳ್ರಿ," ಎನ್ನತೊಡಗಿದೆ. ನಿಂತ ಚಿತ್ರದಲ್ಲಿ ಹಿರಿಯ ಸೊಸೆ ಬಾಯಿ ತೆರೆದುಕೊಂಡೇ ಇರುತ್ತಿದ್ದಳು. ಅವ್ವ ಅವಳಿಗೆ ಬೆನ್ನು ಮಾಡಿ ನಿಧಾನವಾಗಿ ಎದ್ದು ಹೋಗಿ ಬರುತ್ತಿದ್ದಳು. ನಾನು ಒಳಗಿನಿಂದ ಇದೆಲ್ಲವನ್ನೂ ಕೇಳುತ್ತಿದ್ದೆ. ನನ್ನ ತಾಯಿಗಾಗಿ ಸುಳ್ಳು ಜಾಹೀರಾತು ಹಾಕುವ ಹೆಂಡತಿ ನನಗಿದ್ದಾಳೆ ಎಂದು ಯಾರಿಗಾದರೂ ಹೇಳಬೇಕೆನಿಸುತ್ತಿತ್ತು. ಹೇಳಿದ್ದರೆ ನಿನಗೇ ಹೇಳಬೇಕಾಗಿತ್ತು.

ಯುಗಾದಿಗೆ ಮುಂಚೆ ಒಂದು ಸಂಜೆ ನೀವು ಮೂವರೂ ಎಷ್ಟೋ ಹೊತ್ತು ನಕ್ಕಿರಿ. ನಾನು ಬಾಗಿಲಿಗೆ ಬಂದು ಏನಾಯಿತು ಎಂದು ಕೇಳಿದೆ. ಏನಿಲ್ಲ ಎಂದಿರಿ ಮೂವರೂ. ಏನಾಗಿತ್ತೆಂದು ಕಳೆದ ತಿಂಗಳು ಉಡಚವ್ವ ಹೇಳಿದಳು. ಕಥೆ ಬಿರುಸಾಗಿದ್ದುದರಿಂದ ನೀನು ನಿಲ್ಲಿಸುವುದನ್ನು ಮರೆತು ಕೂತಿದ್ದೆಯಂತೆ. ಅವ್ವ ತಡೆದು ತಡೆದು, ಕೊನೆಗೆ ಮೆಲ್ಲಗೆ, "ಸೌಮ್ಯಾ, ಜಾಹೀರಾತು ಹಾಕವಾ, ನನಗ ತಡಿಯಾಕ ಆಗವಲ್ದು," ಎಂದಳಂತೆ. ಅಂದರೆ ಅವಳಿಗೆ ಮೊದಲಿನಿಂದಲೂ ತಿಳಿದಿತ್ತು. ನಿನ್ನ ಆಟ ಕೆಡಬಾರದೆಂದು ಅಷ್ಟು ದಿನ ಅವಳೂ ಆಡಿದ್ದಳು.

ವೈಶಾಖದಲ್ಲಿ ಅವ್ವ ಹೋದಳು. ಕಾರ್ಯಗಳೆಲ್ಲ ಮುಗಿದ ಮೇಲೆ ಟಿವಿ ಹತ್ತಲಿಲ್ಲ. ಉಡಚವ್ವನನ್ನು ನೀನು ಕೂಗಲಿಲ್ಲ. ನಾನು ಸಂಜೆ ಮೊದಲಿನಂತೆಯೇ ಒಳಗೆ ಕೂತೆ, ಬಾಗಿಲನ್ನು ಮೊದಲಿನಷ್ಟೇ ತೆರೆದಿಟ್ಟು. ಹೊರಗಿನಿಂದ ಯಾವ ಸದ್ದೂ ಬರಲಿಲ್ಲ. ನೀನು ಹೆಬ್ಬಳ್ಳಿಗೆ ಹೊರಟ ಮುಂಜಾನೆ ಕೈಚೀಲ ಹಿಡಿದು ನಿಂತು ಅಂದ ಮಾತು ಇದು: "ಈ ಮನ್ಯಾಗ ನನ್ನ ಕೂಡ ಮಾತಾಡವ್ರು ಒಬ್ಬರ ಇದ್ರು. ಅವರೂ ಹೋದ್ರು." ನೀನು ಅದನ್ನು ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆನೇನೋ. ಬಸ್ ನಿಲ್ದಾಣದವರೆಗೆ ಚೀಲ ತಂದುಕೊಟ್ಟೆ.

ಆಮೇಲೆ ಕೋಡ್ ಬರತೊಡಗಿತು. ಅದು ಯಾವಾಗಲೂ ಏಳೂವರೆಗೆ ಸ್ವಲ್ಪ ಮೊದಲು ಬರುತ್ತದೆ. ಅಂದರೆ ಅಲ್ಲಿಯೂ ನೀನು ಹೊತ್ತನ್ನು ಬಿಟ್ಟಿಲ್ಲ. "ಈ ವ್ಯಕ್ತಿ ಪ್ರವಾಸದಲ್ಲಿದ್ದಾರೆಯೇ?" ಎಂದು ನನ್ನ ಫೋನು ಕೇಳುತ್ತದೆ. ಉಪಕೇಂದ್ರದಲ್ಲಿ ನಾನು ಸ್ವತಃ ಪರೀಕ್ಷಿಸದೆ ಯಾವ ವರದಿಗೂ ಸಹಿ ಹಾಕಿದವನಲ್ಲ. ಇಲ್ಲಿ ಪ್ರತಿ ಸಲವೂ ಹೌದು ಎಂದು ಒತ್ತಿದೆ. ಒಮ್ಮೆ ಬೇಕೆಂದೇ ಕೋಡ್ ಕಳುಹಿಸುವುದನ್ನು ತಡ ಮಾಡಿದೆ. ಏಕೆ ಬಂದಿಲ್ಲ ಎಂದು ನೀನು ಕರೆ ಮಾಡಿ ಕೇಳಬಹುದು ಎಂದುಕೊಂಡಿದ್ದೆ. ನೀನು ಕಾದೆ. ಕಡೆಗೆ ನಾನೇ ಕಳುಹಿಸಿದೆ. "ಬಂತು" ಎಂದು ನೀನು ಬರೆದೆ.

ಹೆಬ್ಬಳ್ಳಿ ದೂರವಲ್ಲ, ಬಂದು ಮಾತಾಡಬಹುದಿತ್ತು ಎಂದು ನೀನು ಅನ್ನಬಹುದು. ಕಳೆದ ತಿಂಗಳು ಒಂದು ರವಿವಾರ ಹೊರಟಿದ್ದೆ. ಬರಿಗೈಯಲ್ಲಿ ಬರಬಾರದೆಂದು ಧಾರವಾಡದಲ್ಲಿ ಫೇಡೆ ಕೊಂಡೆ. ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ನಿನ್ನ ಮುಂದೆ ನಿಂತು ಮೊದಲು ಏನು ಹೇಳಬೇಕೆಂದು ಯೋಚಿಸಿದೆ. ಹೊಳೆಯಲಿಲ್ಲ. ಹಿಂದಿರುಗಿ ಬಂದು ಡಬ್ಬಿಯನ್ನು ಉಡಚವ್ವನಿಗೆ ಕೊಟ್ಟೆ. ಅವಳ ಮುಖ ಅರಳಿತು. "ಸೌಮ್ಯಾ ಬಂದ್ಲೇನ್ರಿ ಅಯ್ಯಾರ?" ಎಂದಳು. ಇಲ್ಲ ಎಂದೆ. "ಮತ್ತ ಫೇಡೆ ಯಾಕ್ರಿ?" ಎಂದಳು. ನಾನು ನಿಂತೇ ಇದ್ದುದನ್ನು ಕಂಡು, ಕಟ್ಟೆಯ ಮೇಲಿನ ಜೋಳ ಸರಿಸಿ ಕೂಡಲು ಹೇಳಿದಳು. ನೀವು ಮೂವರೂ ನಕ್ಕ ಆ ಜಾಹೀರಾತಿನ ಸಂಗತಿ ಅಂದು ತಿಳಿದದ್ದು.

ಈಗ ಐದನೆಯ ಸಂಗತಿಗೆ ಬರುತ್ತೇನೆ. ಮೊದಲ ದಾರಿ ನನಗೆ ಅನುಕೂಲವಾದದ್ದು. ಫೋನು ಒಮ್ಮೆ ಮನೆಗೆ ಬಂದರೆ ಸಾಕು, ಬಾಗಿಲಲ್ಲಿ ನಿಂತರೂ ಸಾಕು. ನೀನು ಬಂದರೆ ಚಹಾ ಮಾಡುತ್ತಿದ್ದೆ. ನಿನ್ನ ತುಳಸಿಗೆ ನಾನು ತಪ್ಪದೆ ನೀರು ಹಾಕಿರುವುದನ್ನು ನೀನು ನೋಡುತ್ತಿದ್ದೆ. ಇಷ್ಟನ್ನೂ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು ಇದು: ನೀನು ಹಾಗೆ ಬಂದರೆ ಬಂದದ್ದು ಧಾರಾವಾಹಿಗಾಗಿ. ನಿನಗೆ ಈಗ ಅವ್ವನ ಜೊತೆ ಕೂತಂತೆ ಇರುವ ಹೊತ್ತು ದಿನದಲ್ಲಿ ಅದೊಂದೇ ಇರಬೇಕು. ಅದನ್ನು ಹಿಡಿದಿಟ್ಟುಕೊಂಡು ನಿನ್ನನ್ನು ಕರೆಸುವುದು ಸರಿಯಲ್ಲ. ಎರಡನೆಯ ದಾರಿಯಲ್ಲಿ ನಿನಗೆ ಯಾವ ತೊಂದರೆಯೂ ಇಲ್ಲ. ಆದರೆ ನಿನಗೆ ಕೋಡ್ ಬೇಕಾಗುವುದಿಲ್ಲ, ಕಳುಹಿಸಲು ನನ್ನಲ್ಲಿ ಏನೂ ಉಳಿಯುವುದಿಲ್ಲ.

ಬಸವಕಿರಣನಿಗೂ ಅವನ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ಚಳಿ ಆರಂಭವಾಗಿದೆ, ನಿನ್ನ ಕಂದು ಬಣ್ಣದ ಶಾಲು ಇಲ್ಲಿಯೇ ಇದೆ, ಧಾರವಾಡದ ಕಡೆ ಹೋಗುವವರು ಸಿಕ್ಕರೆ ಕಳುಹಿಸುತ್ತೇನೆ. ಅವ್ವ ಎಲ್ಲಿದ್ದರೂ ನಿನ್ನನ್ನು ಕಾಯಲಿ.

ನಿನ್ನ,
ಗುರುಸಿದ್ದಯ್ಯ

ತಾ.ಕ.: ಪತ್ರ ಮಡಚಿದ ಮೇಲೆ ನೋಡಿದರೆ ಮುಖ್ಯ ವಿಷಯವನ್ನೇ ಬರೆದಿಲ್ಲ. ಕೆಲಸಕ್ಕೆ ಹೊತ್ತಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಸಂಜೆ ನಿನ್ನ ಹೆಸರನ್ನು ಬೇರ್ಪಡಿಸಿದೆ. "ಈ ವ್ಯಕ್ತಿ ನಿಮ್ಮ ಮನೆಯಲ್ಲಿ ವಾಸಿಸುತ್ತಿಲ್ಲ, ಖಚಿತವೇ?" ಎಂದು ಕೇಳಿತು. ಹೌದು ಎಂದು ಒತ್ತಿದೆ. ಹೊಸ ಖಾತೆ ನಿನ್ನ ಫೋನ್ ನಂಬರಿನಲ್ಲಿಯೇ ಇದೆ, ಯಾರನ್ನೂ ಕೇಳಬೇಕಾಗಿಲ್ಲ. ನೀವು ನೋಡಿದ್ದೆಲ್ಲ ನಿನ್ನ ಹೆಸರಿನಲ್ಲಿ ಇದ್ದುದರಿಂದ, ಅವ್ವನ ಜೊತೆ ನೀನು ಎಲ್ಲಿಗೆ ನಿಲ್ಲಿಸಿದ್ದೆ ಎಂಬ ಗುರುತೂ ನಿನ್ನೊಂದಿಗೇ ಬಂದಿದೆ. ಇಲ್ಲಿಯ ಟಿವಿಯಲ್ಲಿ ಈಗ ಆ ಗುರುತು ಏನೂ ಉಳಿದಿಲ್ಲ. ಹೀಗಾಗಿ ನಿನ್ನೆ ಏಳೂವರೆಗೆ ಬಾಗಿಲಿಗೆ ಹೋಗಿ ಉಡಚವ್ವನನ್ನು ಕೂಗಿದೆ. ಜಾಹೀರಾತಿಗೆಂದು ನಡುವೆ ನಿಲ್ಲಿಸಿದೆ ಕೂಡ. ಅವಳು ಮೊರದಿಂದ ತಲೆ ಎತ್ತಿ, "ಭಾಳ ಲಗೂ ಹಾಕಿದ್ರಿ. ಸೌಮ್ಯಾ ಇಷ್ಟ ಲಗೂ ಹಾಕತಿರಲಿಲ್ಲ," ಎಂದಳು. ಎಲ್ಲಿ ನಿಲ್ಲಿಸಬೇಕೆಂದು ನನಗೆ ತಿಳಿಯದು. ಮೊದಲ ಕಂತಿನಿಂದ ಆರಂಭಿಸಿದ್ದೇವೆ. ದಿನಕ್ಕೆ ಒಂದೇ ನೋಡುವುದೆಂದು ನಿರ್ಧರಿಸಿದ್ದೇನೆ.