ದುಬೈಯಲ್ಲಿ ಕೇಳಿದ ಬಾಂಗ್

ಉಪ್ಪಿನಂಗಡಿ, ಬುಧವಾರ

ಜಾಸಿರ್ ಅವರಿಗೆ, ನಿಮ್ಮ ಮಗಳು ಜಸೀನಾಳ ಟೀಚರ್ ಪೂಜಿತಾ ಮಾಡುವ ನಮಸ್ಕಾರ.

ನಿಮ್ಮ ವಿಳಾಸ ಎಂತ ಬರೆಯಬೇಕೆಂದು ಈಗ ತಿಳಿಯುತ್ತಿಲ್ಲ. ಹಾಗಾಗಿ ಈ ಕಾಗದದ ಫೋಟೋ ತೆಗೆದು ನಿಮ್ಮ ಮೊಬೈಲಿಗೇ ಕಳಿಸುತ್ತಿದ್ದೇನೆ.

ಸ್ಮಾರ್ಟ್ ಬೋರ್ಡಿನಲ್ಲಿ ಭೂಮಿ ತಿರುಗುವುದನ್ನು ಎಷ್ಟು ತೋರಿಸಿದರೂ ದೇಶಕ್ಕೊಂದು ಸಮಯ ಯಾಕೆಂದು ಮಕ್ಕಳಿಗೆ ತಲೆಗೆ ಹೋಗಲಿಲ್ಲ. ಅದಕ್ಕೇ ಇವತ್ತು ನಿಮಗೆ ವಿಡಿಯೋ ಕಾಲ್ ಮಾಡಿದ್ದು. "ದುಬೈಯಲ್ಲಿ ಇನ್ನೂ ಹನ್ನೊಂದು ಗಂಟೆ ಮಕ್ಕಳೇ" ಎಂದು ನೀವು ಹೇಳುತ್ತಿದ್ದಾಗಲೇ ನಮ್ಮ ಶಾಲೆಯ ಹಿಂದಿನ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಶುರುವಾಯಿತು. ಅದೇ ಬಾಂಗ್ ಬೋರ್ಡಿನೊಳಗೆ, ನಿಮ್ಮ ಬೆನ್ನ ಹಿಂದಿನ ಹಸಿರು ಪರದೆಯ ಆಚೆಯಿಂದಲೂ ಕೇಳಿತು. ಬಾಂಗ್ ಕೊಡುವ ಅದ್ರಾಮ ಉಸ್ತಾದರು ಅದಕ್ಕೆ ಮೊದಲು ಕೆಮ್ಮುವುದು ಸಹ. ಪ್ರತಿಧ್ವನಿ ಅನ್ನೋಣವೆಂದರೆ ನಮ್ಮ ಮೈಕ್ ಬಂದ್ ಆಗಿತ್ತು. ನಾನು ರಿಮೋಟ್ ಹಿಡಿದು ಹಾಗೇ ನಿಂತುಬಿಟ್ಟೆ.

"ಟೀಚರ್, ದುಬೈಯಲ್ಲಿ ಸಹ ನಮ್ಮ ಉಸ್ತಾದರೇ ಬಾಂಗ್ ಕೊಡುದಾ?" ಎಂದು ಸಂಪ್ರೀತ್ ಕೇಳಿದ. ನೀವು ಕಾಲ್ ಕಟ್ ಮಾಡಿದಿರಿ. ನೆಟ್‌ವರ್ಕ್ ಸರಿ ಇಲ್ಲ ಎಂದು ಮಕ್ಕಳಿಗೆ ಹೇಳಿದೆ.

ನೀವು ಊರಿಗೆ ಯಾವಾಗ ಬಂದಿರಿ, ಮನೆಗೆ ಯಾಕೆ ಹೋಗಲಿಲ್ಲ ಎಂದು ನಾನು ಕೇಳುವುದಿಲ್ಲ. ಮನೆಯವರಿಗೆ ನಾನಾಗಿ ಹೇಳುವುದೂ ಇಲ್ಲ.

ಆದರೆ ಶಾಲೆ ಬಿಟ್ಟ ಮೇಲೆ ಜಸೀನಾ ಬಸ್ಸಿಗೆ ಹೋಗಲಿಲ್ಲ. ಮಸೀದಿ ರಸ್ತೆಯಲ್ಲಿ ಒಂದೊಂದೇ ಕಟ್ಟಡದ ಕೆಳಗೆ ನಿಂತು ಮಹಡಿಯ ಕಿಟಕಿಗಳನ್ನು ನೋಡುತ್ತಿದ್ದಳು.

"ಎಂತ ಹುಡುಕುದು?" ಎಂದು ಕೇಳಿದೆ.

"ಹಸಿರು ಪರದೆ, ಟೀಚರ್" ಎಂದಳು.

ನಾಳೆಯೂ ಹುಡುಕುತ್ತಾಳೆ. ದಯವಿಟ್ಟು ಆ ಪರದೆ ತೆಗೆಯಬೇಡಿ.

ಇತಿ,
ಪೂಜಿತಾ